ಬಿಲ್ ಫೋಟೋ ಕಳಿಸು ಅಂದಿದ್ದೆ

ಡಿಸೆಂಬರ್ ಬಂತು ಅಂದ್ರೆ ನಮ್ಮ ಆಫೀಸ್ ಇನ್‌ಬಾಕ್ಸ್‌ಗೆ ಒಂದು ಮೇಲ್ ತಪ್ಪದೆ ಬರುತ್ತದೆ. ‘ಈ ವರ್ಷದ ನಿಮ್ಮ ಮ್ಯಾಚಿಂಗ್ ಇನ್ನೂ ಬಾಕಿ ಇದೆ, 31ರ ಒಳಗೆ ಬಳಸಿಕೊಳ್ಳಿ’ ಅಂತ. ನೀವು ಒಂದು ಡಾಲರ್ ದಾನ ಕೊಟ್ಟರೆ ಕಂಪನಿಯೂ ಅದಕ್ಕೆ ಒಂದು ಡಾಲರ್ ಸೇರಿಸಿ ಕೊಡುತ್ತದೆ. ವರ್ಷಕ್ಕೆ ಇಂತಿಷ್ಟು ಅಂತ ಮಿತಿ ಇರುತ್ತದೆ. ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ಮಾಮೂಲು. ಬೆಂಗಳೂರಿನ ಕೆಲವು ಆಫೀಸುಗಳಲ್ಲೂ ಇದೆ, ನಿಮ್ಮಲ್ಲಿ ಕೆಲವರು ನೋಡಿರ್ತೀರಿ.

ನಾನಿರೋದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಊರು ತಿಪಟೂರು. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಅಂತ ಬಂದವನು ಇಲ್ಲೇ ಉಳಿದೆ. ಕೆಲಸ ಸಿಕ್ಕ ಮೊದಲ ವರ್ಷದಿಂದಲೂ ಆ ಮೇಲ್ ಬಂದ ತಕ್ಷಣ ಪೋರ್ಟಲ್ ತೆರೀತೀನಿ. ಸಂಸ್ಥೆಯ ಹೆಸರು ಹುಡುಕು, ಮೊತ್ತ ಹಾಕು, ಕ್ಲಿಕ್ ಮಾಡು. ಕೈಲಿದ್ದ ಕಾಫಿ ಆರೋದ್ರೊಳಗೆ ರಸೀದಿ ಪಿಡಿಎಫ್ ಬಂದಿರುತ್ತದೆ. ಒಟ್ಟು ಎರಡು ನಿಮಿಷ. ಆಮೇಲೆ ಇಡೀ ದಿನ ಮನಸ್ಸಿಗೆ ಏನೋ ಒಂಥರಾ ಹಿತ. ಇದನ್ನ ಗೇಲಿ ಮಾಡೋಕೆ ಹೇಳ್ತಿಲ್ಲ. ನನ್ನ ದುಡ್ಡು ದುಪ್ಪಟ್ಟಾಗಿ ಯಾವುದೋ ಶಾಲೆಯ ಮಕ್ಕಳ ಊಟಕ್ಕೆ ಹೋಗುತ್ತೆ ಅಂದ್ರೆ ಅದು ಒಳ್ಳೇದೇ.

ಆದರೆ ಆ ಎರಡು ನಿಮಿಷಕ್ಕೆ ನಾನು ಎಷ್ಟು ಒಗ್ಗಿಹೋಗಿದ್ದೆ ಅಂತ ಗೊತ್ತಾಗಿದ್ದು 2021ರ ಮೇ ತಿಂಗಳಲ್ಲಿ.

ಕೋವಿಡ್‌ನ ಎರಡನೇ ಅಲೆ ನಿಮಗೆ ನೆನಪಿರಬಹುದು. ಇಲ್ಲಿ ಕೂತು ನಾವು ಮಾಡ್ತಿದ್ದದ್ದು ಒಂದೇ, ಫೋನ್ ನೋಡೋದು. ನಾವು ಒಂದಿಪ್ಪತ್ತು ಜನ ಕನ್ನಡದವರು ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿಕೊಂಡು ಆಕ್ಸಿಜನ್ ಕಾನ್ಸಂಟ್ರೇಟರ್ ಕಳಿಸೋಕೆ ದುಡ್ಡು ಸೇರಿಸ್ತಿದ್ವಿ. ಸ್ಪ್ರೆಡ್‌ಶೀಟ್ ನನ್ನ ಜವಾಬ್ದಾರಿ. ಒಂದು ರಾತ್ರಿ ಒಂಬತ್ತು ಗಂಟೆಗೆ ಆ ಶೀಟಿನ ಮುಂದೆ ಕೂತಿದ್ದಾಗ ಒಂದು ಮೆಸೇಜ್ ಬಂತು. ಕಾಲೇಜಿನಲ್ಲಿ ನಾಲ್ಕು ವರ್ಷ ನನ್ನ ಹಾಸ್ಟೆಲ್ ರೂಮ್‌ಮೇಟ್ ಆಗಿದ್ದವನು. ದಾವಣಗೆರೆಯವನು. ‘ಅಪ್ಪನ್ನ ಅಡ್ಮಿಟ್ ಮಾಡೀನಿ. 60 ಸಾವಿರ ಬೇಕಿತ್ತು. ಆಗುತ್ತಾ?’ ಅಷ್ಟೇ.

ಅದಕ್ಕಿಂತ ಹಿಂದಿನ ವಾರವಷ್ಟೇ ಇನ್ನೊಬ್ಬ ಕ್ಲಾಸ್‌ಮೇಟ್‌ನ ಅಕೌಂಟ್ ಹ್ಯಾಕ್ ಆಗಿ, ಅವನ ಹೆಸರಲ್ಲಿ ಯಾರೋ ನಮ್ಮೆಲ್ಲರ ಹತ್ರ ದುಡ್ಡು ಕೇಳಿದ್ದರು. ಆ ಅನುಮಾನ ತಲೇಲಿತ್ತು. ಜೊತೆಗೆ ಸ್ಪ್ರೆಡ್‌ಶೀಟ್‌ನ ಗುಂಗು. ಅದರಲ್ಲಿ ಪ್ರತಿ ಖರ್ಚಿಗೂ ‘ಬಿಲ್ ಇದೆಯಾ?’ ಅಂತ ಒಂದು ಕಾಲಂ ಇತ್ತು. ನಾನು ಟೈಪ್ ಮಾಡಿದೆ: ‘ಬಿಲ್ ಫೋಟೋ ಕಳಿಸು, ನೋಡ್ತೀನಿ.’

ಕಳಿಸಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದರೆ ಫೋಟೋ ಬಂದಿತ್ತು. ಬಿಲ್ಲಿಂಗ್ ಕೌಂಟರ್‌ನ ಗಾಜಿಗೆ ಕಾಗದ ಒತ್ತಿ ಹಿಡಿದು ತೆಗೆದ ಫೋಟೋ, ಮೂಲೇಲಿ ಅವನ ಹೆಬ್ಬೆರಳು. ಅದು ಬಂದಾಗ ಅಲ್ಲಿ ಮಧ್ಯಾಹ್ನ ಒಂದೂವರೆ. ನಾನು ನೋಡಿದಾಗ ಅಲ್ಲಿ ರಾತ್ರಿ ಏಳೂವರೆ. ತಕ್ಷಣ ಎನ್‌ಆರ್‌ಒ ಅಕೌಂಟಿಂದ ಹಾಕಿದೆ. ಆದರೂ ಲೆಕ್ಕ ಹಾಕಿದರೆ ಅವನು ಕೇಳಿದ್ದಕ್ಕೂ ದುಡ್ಡು ಮುಟ್ಟಿದ್ದಕ್ಕೂ ನಡುವೆ ಹತ್ತು ಗಂಟೆ. ಅವನ ಅಪ್ಪ ಹನ್ನೆರಡು ದಿನಕ್ಕೆ ಹುಷಾರಾಗಿ ಮನೆಗೆ ಬಂದರು. ‘ದುಡ್ಡಿನ ಬಗ್ಗೆ ಯೋಚನೆ ಮಾಡ್ಬೇಡ, ವಾಪಸ್ ಏನೂ ಬೇಡ’ ಅಂತ ನಾನು ಬರೆದೆ. ಅವನು ಕೈಮುಗಿಯೋ ಎಮೋಜಿ ಹಾಕಿದ. ನನ್ನ ಮಟ್ಟಿಗೆ ಅಲ್ಲಿಗೆ ಮುಗೀತು.

ಕಾನ್ಸಂಟ್ರೇಟರ್ ಕಥೆಯನ್ನೂ ಹೇಳಿಬಿಡ್ತೀನಿ. ಇಲ್ಲಿಯ ಅಂಗಡಿಯಲ್ಲಿ ಸಿಕ್ಕ ಮಷಿನ್‌ಗಳನ್ನೇ ಕೊಂಡು ಕಳಿಸೋದು ಅಂತ ತೀರ್ಮಾನ ಆಗಿತ್ತು. ಪೇಮೆಂಟ್ ಮಾಡೋ ಹಿಂದಿನ ದಿನ ಗ್ರೂಪ್‌ನಲ್ಲಿದ್ದ ಒಬ್ಬ ಹಿರಿಯ ಎಲೆಕ್ಟ್ರಿಕಲ್ ಎಂಜಿನಿಯರ್ ಒಂದು ಪ್ರಶ್ನೆ ಹಾಕಿದರು. ‘ಇವು 120 ವೋಲ್ಟ್ ಮಷಿನ್ ಅಲ್ವೇನ್ರಪ್ಪಾ? ನಮ್ಮೂರಲ್ಲಿ 230.’ ಇಪ್ಪತ್ತು ಜನ ಎಂಜಿನಿಯರ್‌ಗಳಲ್ಲಿ ಹತ್ತೊಂಬತ್ತು ಜನಕ್ಕೆ ಹೊಳೆದಿರಲಿಲ್ಲ! ಮತ್ತೆ ಹುಡುಕಿ, 230 ವೋಲ್ಟ್‌ನವು ಸಿಕ್ಕಿ, ಹಡಗೋ ವಿಮಾನವೋ ಅಂತ ಚರ್ಚೆಯಾಗಿ, ಕಸ್ಟಮ್ಸ್ ದಾಟಿ ಒಂದು ತಾಲ್ಲೂಕು ಆಸ್ಪತ್ರೆ ಮುಟ್ಟೋ ಹೊತ್ತಿಗೆ ಜೂನ್ ಮೂರನೇ ವಾರ. ಅಲೆ ಇಳಿದಿತ್ತು. ಬ್ಯಾನರ್ ಹಿಡಿದು ತೆಗೆಸಿಕೊಂಡ ಫೋಟೋ ಗ್ರೂಪ್‌ಗೆ ಬಂತು. ಎಲ್ಲರೂ ಚಪ್ಪಾಳೆ ಹಾಕಿದೆವು. ಬ್ಯಾನರ್‌ನ ಹಿಂದೆ ಮಷಿನ್‌ಗಳು ಇನ್ನೂ ಪ್ಯಾಕಿಂಗ್‌ನಲ್ಲೇ ಇದ್ದವು. ಆಮೇಲೆ ಅವು ಯಾರಿಗಾದರೂ ಉಪಯೋಗಕ್ಕೆ ಬಂದವಾ ಅಂತ ನಾವು ಯಾರೂ ವಿಚಾರಿಸಲಿಲ್ಲ. ಗ್ರೂಪ್ ಆಗಸ್ಟ್‌ಗೆಲ್ಲ ಗಣೇಶ ಹಬ್ಬದ ಗ್ರೂಪ್ ಆಗಿ ಬದಲಾಯಿತು.

ಇಲ್ಲಿ ನಮ್ಮವರ ನಡುವೆ ದಾನದ ಮಾತು ಹೆಚ್ಚಾಗಿ ಬರೋದು ಊಟದ ಹೊತ್ತಲ್ಲಿ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ನಿಂತಾಗ ಒಬ್ಬರು ‘ಇಲ್ಲಿಯವರಿಗೆ ಯಾಕೆ ಕೊಡಬೇಕು? ಇವರಿಗೆ ಸರ್ಕಾರ ಇದೆ. ಮೊದಲು ನಮ್ಮೂರಿನವರು’ ಅಂತಾರೆ. ಇನ್ನೊಬ್ಬರು ‘ಊರಿಗೆ ಕಳಿಸಿದ್ದು ಯಾರ ಜೇಬಿಗೆ ಹೋಗುತ್ತೋ, ಇಲ್ಲಿಯ ದೇವಸ್ಥಾನಕ್ಕೇ ಕೊಟ್ಟುಬಿಡ್ತೀನಿ, ಕಣ್ಣಿಗೆ ಕಾಣುತ್ತೆ’ ಅಂತಾರೆ. ಸಂಸ್ಥೆಗಳೆಲ್ಲ ಕಳ್ಳರು ಅನ್ನೋರು ಪ್ರತಿ ಗುಂಪಿನಲ್ಲೂ ಒಬ್ಬರಿರ್ತಾರೆ. ಯಾವ ಸಂಸ್ಥೆ ಅಂತ ಕೇಳಿದರೆ ಹೆಸರು ಹೇಳಲ್ಲ. ಕೊಡದೇ ಇರೋಕೆ ಅದೊಂದು ಅನುಕೂಲದ ಕಾರಣ ಅಂತ ನನಗೆ ಅನುಮಾನ.

‘ಟ್ಯಾಕ್ಸ್ ಉಳಿಯುತ್ತೆ’ ಅನ್ನೋ ಮಾತೂ ಕೇಳಿಸುತ್ತೆ. ಅದರಲ್ಲಿ ಹುರುಳು ಕಮ್ಮಿ. 2017ರ ತೆರಿಗೆ ಕಾನೂನು ಬಂದ ಮೇಲೆ ಇಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಹೆಚ್ಚುಕಮ್ಮಿ ದುಪ್ಪಟ್ಟಾಯಿತು. 2024ಕ್ಕೆ ಗಂಡ-ಹೆಂಡತಿ ಒಟ್ಟಿಗೆ ಫೈಲ್ ಮಾಡಿದರೆ ಅದು 29,200 ಡಾಲರ್. ನಿಮ್ಮ ಮನೆಸಾಲದ ಬಡ್ಡಿ, ದಾನ ಎಲ್ಲ ಸೇರಿಸಿದರೂ ಆ ಮೊತ್ತ ದಾಟದಿದ್ದರೆ ಆ ವರ್ಷ ದಾನದಿಂದ ಫೆಡರಲ್ ತೆರಿಗೆಯಲ್ಲಿ ಉಳಿಯುತ್ತಿದ್ದದ್ದು ಏನೂ ಇರಲಿಲ್ಲ. ಬಾಡಿಗೆ ಮನೇಲಿರೋ ನಮ್ಮಂಥವರಲ್ಲಿ ಹೆಚ್ಚಿನವರ ಕಥೆ ಇದೇ ಆಗಿತ್ತು. ನಿಮ್ಮ ಕಡೆಯೂ ಹಾಗೇ ಅಲ್ವಾ? ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ ದಾನದ ರಿಯಾಯಿತಿ ಸಿಗಲ್ಲ. ಅಂದ್ರೆ ಟ್ಯಾಕ್ಸ್ ನೆಪ ಬಿಟ್ಟು ಯೋಚಿಸೋ ಕಾಲ ಎರಡೂ ಕಡೆ ಬಂದಿದೆ.

ಊರಿಗೇ ಕಳಿಸೋಣ ಅಂದ್ರೆ ದಾರಿ ಅಷ್ಟು ಸಲೀಸಲ್ಲ. ಕಂಪನಿ ಪೋರ್ಟಲ್‌ನಲ್ಲಿ ನನಗೆ ಕಾಣೋದು ಇಲ್ಲಿ 501(ಸಿ)(3) ಅಡಿ ನೋಂದಣಿಯಾದ ಸಂಸ್ಥೆಗಳು. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಅಕ್ಷಯ ಪಾತ್ರಕ್ಕೆ ಇಲ್ಲಿ ಒಂದು ಶಾಖೆ ಇದೆ, ಸಿಗುತ್ತದೆ. 1991ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿಗಳು ಶುರು ಮಾಡಿದ ಆಶಾ ಫಾರ್ ಎಜುಕೇಶನ್ ಸಿಗುತ್ತದೆ. ನಾನು ಏಳನೇ ಕ್ಲಾಸಿನವರೆಗೆ ಓದಿದ, ಮಳೆ ಬಂದ್ರೆ ಎರಡನೇ ರೂಮು ಸೋರೋ ಸರ್ಕಾರಿ ಶಾಲೆ ಅಲ್ಲಿ ಸಿಗಲ್ಲ. ನೇರವಾಗಿ ಕಳಿಸಬಹುದಾ? ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ಹಾಗಾಗಿ ನನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಎಫ್‌ಸಿಆರ್‌ಎ ಕಾನೂನು ಅದನ್ನು ವಿದೇಶಿ ದೇಣಿಗೆ ಅನ್ನಲ್ಲ. ನಮ್ಮ ಆ ಎಲೆಕ್ಟ್ರಿಕಲ್ ಎಂಜಿನಿಯರ್ ಅಮೆರಿಕದ ಪ್ರಜೆ, ಓಸಿಐ ಕಾರ್ಡ್ ಇದೆ. ಅವರು ಕೊಟ್ಟರೆ ಅದು ವಿದೇಶಿ ದೇಣಿಗೆ. ತಗೊಳ್ಳೋ ಸಂಸ್ಥೆಗೆ ಎಫ್‌ಸಿಆರ್‌ಎ ಅಡಿ ಅನುಮತಿ ಇರಬೇಕು, 2020ರ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅವರು ಹುಟ್ಟಿದ ಹಳ್ಳಿಯ ಯುವಕ ಸಂಘಕ್ಕೆ ದೆಹಲೀಲಿ ಖಾತೆ ಎಲ್ಲಿಂದ ಬರಬೇಕು! ‘ನಿನ್ನ ಪಾಸ್‌ಪೋರ್ಟೂ ನೀಲಿ, ನಂದೂ ನೀಲಿ. ನನ್ನ ಸಾವಿರ ರೂಪಾಯಿ ಮಾತ್ರ ದೆಹಲಿ ಸುತ್ತಿ ಬರಬೇಕು’ ಅಂತ ಅವರು ನಗ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಒಂದಿದೆ, ಊಟದ ಹೊತ್ತಲ್ಲಿ ಅದನ್ನ ಯಾರೂ ಎತ್ತಲ್ಲ. ಭಯ. ಎಚ್‌-1ಬಿ ವೀಸಾದಲ್ಲಿರೋನಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಾನು ಆರು ತಿಂಗಳ ಖರ್ಚಿನಷ್ಟು ಆಪತ್ತಿಗೆ ಅಂತ ತೆಗೆದಿಟ್ಟ ಮೇಲೆ ಸರಿಯಾಗಿ ದಾನ ಮಾಡ್ತೀನಿ ಅಂದ್ಕೊಂಡಿದ್ದೆ. ಆರು ತಿಂಗಳದ್ದು ಆಯಿತು. ಆಮೇಲೆ ಹನ್ನೆರಡು ಅಂದ್ಕೊಂಡೆ. ಈಗ ಹದಿನೆಂಟರ ಹತ್ತಿರ ಇದೆ. ಭಯ ಮಾತ್ರ ಹಾಗೇ ಇದೆ.

ಈ ವಿಷಯದಲ್ಲಿ ನನ್ನ ಹೆಂಡತಿ ನನಗಿಂತ ನೇರ. ‘ನಾವು ಉಣ್ಣೋದು ಇಲ್ಲಿ, ಲೈಬ್ರರಿಯಿಂದ ಪುಸ್ತಕ ತರೋದು ಇಲ್ಲಿ. ಇಲ್ಲಿ ಬಡವರಿಲ್ವಾ?’ ಅಂತ ಅವಳೇ ನನ್ನನ್ನ ಸೆಕೆಂಡ್ ಹಾರ್ವೆಸ್ಟ್ ಅನ್ನೋ ಫುಡ್ ಬ್ಯಾಂಕಿನ ಕೆಲಸಕ್ಕೆ ಎಳೆದುಕೊಂಡು ಹೋದಳು. ಸಿಲಿಕಾನ್ ವ್ಯಾಲಿಯಲ್ಲಿ ಊಟಕ್ಕೆ ಕ್ಯೂ ನಿಲ್ತಾರೆ ಅಂದ್ರೆ ನಮ್ಮಪ್ಪ ಇವತ್ತಿಗೂ ನಂಬಲ್ಲ. ಶನಿವಾರ ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ಕಾರುಗಳು ಸಾಲಾಗಿ ಬರ್ತವೆ. ಯಾರೂ ಕೆಳಗಿಳಿಯಲ್ಲ. ಡಿಕ್ಕಿ ತೆರೆಯುತ್ತೆ, ನಾವು ಆಲೂಗಡ್ಡೆ, ಕ್ಯಾರೆಟ್, ಹಾಲು, ಮೊಟ್ಟೆ ಇರೋ ಪೆಟ್ಟಿಗೆ ಒಳಗಿಟ್ಟು ಮುಚ್ಚುತ್ತೀವಿ. ಮನೇಲಿ ಎಷ್ಟು ಜನ ಅಂತ ಕೇಳ್ತಾರೆ, ಯಾವ ವೀಸಾ ಅಂತ ಕೇಳಲ್ಲ.

2023ರ ಫೆಬ್ರವರಿ ಇರಬೇಕು. ಲೇಆಫ್‌ಗಳು ಜೋರಾಗಿದ್ದ ಸಮಯ. ಒಂದು ಬಿಳಿ ಹೋಂಡಾ ಬಂತು. ಡಿಕ್ಕಿ ಮುಚ್ಚುವಾಗ ನೋಡಿದೆ, ಹಿಂದಿನ ಗಾಜಿನ ಮೂಲೇಲಿ ಅರಿಶಿನ-ಕುಂಕುಮ ಬಣ್ಣದ ಬಾವುಟದ ಸ್ಟಿಕರ್. ಕನ್ನಡ ಬಾವುಟ. ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣ್ತಿತ್ತು. ನಾನು ನೋಡಲಿಲ್ಲ. ಮಾಸ್ಕ್ ಮೇಲಕ್ಕೆಳೆದುಕೊಂಡು ಪೆಟ್ಟಿಗೆ ಜೋಡಿಸಿದವನ ಹಾಗೆ ಆ ಕಡೆ ತಿರುಗಿದೆ. ‘ಥ್ಯಾಂಕ್ಸ್’ ಅಂತ ಕೇಳಿಸಿತು. ನಮಸ್ಕಾರ ಅನ್ನಬೇಕಿತ್ತಾ, ಅಂದಿದ್ದರೆ ಅವರಿಗೆ ಹಿತ ಆಗ್ತಿತ್ತಾ ಅಥವಾ ಮುಂದಿನ ವಾರ ಬರೋದನ್ನೇ ಬಿಡ್ತಿದ್ರಾ, ಇವತ್ತಿಗೂ ನನಗೆ ತೀರ್ಮಾನ ಮಾಡೋಕೆ ಆಗಿಲ್ಲ. ಒಂದು ಮಾತು ಮಾತ್ರ ಇದನ್ನು ಓದುವ ಇಲ್ಲಿಯವರಿಗೆ ಹೇಳಬೇಕು. ಫುಡ್ ಬ್ಯಾಂಕ್‌ನಿಂದ ತಗೊಂಡರೆ ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತೆ ಅಂತ ನಮ್ಮಲ್ಲಿ ಒಂದು ಹೆದರಿಕೆ ಇದೆ. ಅದನ್ನು ಸರ್ಕಾರಕ್ಕೆ ಹೊರೆಯಾದ ಲೆಕ್ಕಕ್ಕೆ ಹಿಡಿಯೋದಿಲ್ಲ. ಕಷ್ಟ ಇದ್ದರೆ ಹೋಗಿ.

ಇದಕ್ಕೆ ಮೂರು ತಿಂಗಳ ಹಿಂದೆ, 2022ರ ನವೆಂಬರ್‌ನಲ್ಲಿ, ಅಪ್ಪನ ಫೋನ್ ಬಂದಿತ್ತು. ‘ಯಾರೋ ನನ್ನ ಫೋನ್‌ಪೇಗೆ 60 ಸಾವಿರ ಹಾಕವ್ರಲ್ಲಪ್ಪ. ನಿನ್ನ ದಾವಣಗೆರೆ ಫ್ರೆಂಡಿನ ಹೆಸರು ಬಂದೈತೆ. ಏನು ವ್ಯವಹಾರ?’

ಹಬ್ಬಕ್ಕೆ ನಮ್ಮನೆಗೆ ಬರ್ತಿದ್ದವನು. ಅಪ್ಪನ ನಂಬರ್ ಅವನ ಹತ್ರ ಇತ್ತು. ಅಷ್ಟರಲ್ಲಿ ನನಗೂ ಮೆಸೇಜ್ ಬಂದಿತ್ತು: ‘ತೀರಿಸೀನಿ ಲೇ. ರಸೀದಿ ಕೊಡ್ತೀಯಾ?’ ಕೊನೆಗೆ ನಗೋ ಎಮೋಜಿ.

ಆ ಎಮೋಜಿ ನೋಡಿ ತುಂಬಾ ಹೊತ್ತು ಕೂತೆ. ಆಮೇಲೆ ಫೋನ್ ಮಾಡಿದೆ. ಒಂದೂವರೆ ವರ್ಷದಲ್ಲಿ ಅವನಿಗೆ ನಾನು ಮಾಡಿದ ಮೊದಲ ಕಾಲ್ ಅದು. ವಾಪಸ್ ಬೇಡ ಅಂದಿದ್ದೆನಲ್ಲೋ ಅಂದೆ. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ‘ಬಿಲ್ ಕೇಳಿದ್ಯಲ್ಲ ಲೇ, ಅವಾಗ್ಲೇ ಅದು ಸಾಲ ಆತು. ಐಸಿಯು ಬಾಗಿಲಲ್ಲಿ ನಿಂತು ನಿನಗೆ ಮೆಸೇಜ್ ಹಾಕಕ್ಕೇ ಅರ್ಧ ಗಂಟೆ ಬೇಕಾತು. ಆಮೇಲೆ ಬಿಲ್ ಪ್ರಿಂಟ್ ಹಾಕ್ಸಕ್ಕೆ ಕೆಳಗಿಳಿದು ಲೈನ್‌ನಾಗೆ ನಿಂತೆ. ಅಲ್ಲಿರೋರೆಲ್ಲ ಡೆತ್ ಸರ್ಟಿಫಿಕೇಟಿಗೆ ನಿಂತಿದ್ರು.’ ಒಂದು ಕ್ಷಣ ಬಿಟ್ಟು, ‘ಹೋಗ್ಲಿ ಬಿಡು, ಅಪ್ಪ ಅರಾಮಿದಾನೆ’ ಅಂದ.

ಆ ಅಕೌಂಟ್ ಹ್ಯಾಕ್ ವಿಷಯ ಹೇಳಿದೆ. ನನ್ನ ಕಿವಿಗೇ ಅದು ಸಬೂಬಿನ ಹಾಗೆ ಕೇಳಿಸಿತು. ಯಾಕಂದ್ರೆ ಮೆಸೇಜ್ ಕಳಿಸಿದ್ದು ಅವನೇನಾ ಅಂತ ತಿಳ್ಕೊಳ್ಳೋಕೆ ಒಂದು ಫೋನ್ ಕಾಲ್ ಸಾಕಿತ್ತು. ಅವನೇ ಹೌದಾ ಅಂತ ನೋಡೋದು ಬೇರೆ, ಅವನಿಗೆ ನಿಜವಾಗ್ಲೂ ಬೇಕಾ ಅಂತ ನೋಡೋದು ಬೇರೆ. ದಿನಾ ಲಾಗಿನ್ ಕೋಡ್ ಬರೆಯೋ ನನಗೆ ಈ ವ್ಯತ್ಯಾಸ ಹೊಳೀಬೇಕಿತ್ತು. ನಾನು ಕಾಲ್ ಮಾಡಲಿಲ್ಲ, ಯಾಕಂದ್ರೆ ಕಾಲ್ ಮಾಡಿದರೆ ಅವನ ಧ್ವನಿ ಕೇಳಬೇಕು, ಅಪ್ಪ ಹೇಗಿದ್ದಾರೆ ಅನ್ನಬೇಕು, ಅವನು ಅತ್ತರೆ ಏನು ಮಾಡೋದು. ಫೋಟೋ ತರಿಸಿಕೊಳ್ಳೋದು ಸುಲಭ. ಅದು ಪೋರ್ಟಲ್ ಥರಾನೇ.

ಅಪ್ಪನಿಗೆ ಪೂರ್ತಿ ವಿಷಯ ಹೇಳಿದೆ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದವರು, ಈಗ ತೋಟ ನೋಡ್ಕೊಂಡಿದಾರೆ. ಬೈತಾರೇನೋ ಅಂದ್ಕೊಂಡೆ. ‘ನೀನು ಕೇಳಿದ್ದು ತಪ್ಪು ಅಂತ ಅನ್ನಲ್ಲಪ್ಪ. ದುಡ್ಡು ನಿಂದು’ ಅಂದರು. ಆಮೇಲೆ ಅವರು ತಾವು ಸಿದ್ಧಗಂಗೆಯ ಹಾಸ್ಟೆಲ್‌ನಲ್ಲಿ ಓದಿದ ಕಾಲದ ಮಾತು ತೆಗೆದರು. ನಾನು ನೂರು ಸಲ ಕೇಳಿದ್ದ ಕಥೆ. ಒಂದು ಟ್ರಂಕು, ಒಂದು ಚಾಪೆ, ಸಾಲಾಗಿ ಕೂತ ಸಾವಿರಾರು ಹುಡುಗರು, ಮುದ್ದೆ ಸಾರು. ಈ ಸಲ ಒಂದು ಹೊಸ ವಿಷಯ ಹೇಳಿದರು. ಮೊದಲ ವರ್ಷ ಅವರಿಗೆ ಎರಡನೇ ಸಲ ಬಡಿಸಿಕೊಳ್ಳೋಕೆ ನಾಚಿಕೆ ಆಗ್ತಿತ್ತಂತೆ. ಬಡಿಸ್ತಿದ್ದ ದೊಡ್ಡ ಹುಡುಗ ಏನೂ ಕೇಳದೆ, ಇವರ ಮುಖಾನೂ ನೋಡದೆ, ದಿನಾ ಒಂದು ಮುದ್ದೆ ಹೆಚ್ಚಿಗೆ ಹಾಕಿ ಮುಂದಕ್ಕೆ ಹೋಗ್ತಿದ್ದನಂತೆ. ‘ಅವನ ಹೆಸರೇ ನಂಗೆ ಗೊತ್ತಿಲ್ಲ ನೋಡು’ ಅಂದರು. ಪ್ರತಿ ವರ್ಷ ಕಾಯಿ ಕೆಡವಿಸಿದಾಗ ಒಂದು ಟೆಂಪೋ ತೆಂಗಿನಕಾಯಿ ಮಠಕ್ಕೆ ಹೋಗುತ್ತೆ ನಮ್ಮನೆಯಿಂದ. ಚಿಕ್ಕಂದಿನಲ್ಲಿ ನಾನು ಅದನ್ನ ಹರಕೆ ಅಂತ ತಿಳ್ಕೊಂಡಿದ್ದೆ.

ಆಮೇಲೆ ನಾವು ಗಂಡ-ಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದೀವಿ. ಪೋರ್ಟಲ್ ಬಿಟ್ಟಿಲ್ಲ, ಮ್ಯಾಚಿಂಗ್ ಕಳ್ಕೊಳ್ಳೋದು ದಡ್ಡತನ. ಸಂಸ್ಥೆಗೆ ಕೊಡುವಾಗ ಲೆಕ್ಕಪತ್ರ ನೋಡಿಯೇ ಕೊಡ್ತೀವಿ, ಅದನ್ನ ಕೇಳೋದು ನಮ್ಮ ಹಕ್ಕು ಅಂತಾನೇ ಈಗಲೂ ನನ್ನ ಅಭಿಪ್ರಾಯ. ಅದಲ್ಲದೆ ಊರಿನ ಬ್ಯಾಂಕಿನಲ್ಲಿ ಬೇರೆ ಒಂದು ಅಕೌಂಟ್. ತಿಂಗಳಿಗೆ ಹತ್ತು ಸಾವಿರ ರೂಪಾಯಿ ಅದಕ್ಕೆ ಹೋಗುತ್ತೆ. ಗೊತ್ತಿದ್ದವರು ಕೇಳಿದರೆ ಅದರಿಂದ ಕೊಡೋದು. ಮೊದಲು ಫೋನ್ ಮಾಡ್ತೀವಿ, ಮಾತಾಡ್ತೀವಿ. ಬಿಲ್ ಕೇಳಲ್ಲ. ಅಕೌಂಟ್ ಖಾಲಿ ಆಗಿದ್ದರೆ ಇಲ್ಲ ಅಂತ ಬಾಯಿಬಿಟ್ಟು ಹೇಳ್ತೀವಿ, ಅದು ಇನ್ನೂ ಕಷ್ಟ. ಒಂದು ಸಲ ಮೋಸ ಹೋಗಿದ್ದೀವಿ. ಎಂಟು ಸಾವಿರ. ಹೆಂಡತಿ ‘ಆ ಹೋಟೆಲ್‌ನಲ್ಲಿ ಇಬ್ಬರ ಊಟಕ್ಕೆ ಎಷ್ಟಾಯ್ತು ಹೋದ ವಾರ?’ ಅಂತ ಕೇಳಿದಳು. ಹೆಚ್ಚುಕಮ್ಮಿ ಅಷ್ಟೇ ಆಗಿತ್ತು. ಹಾಗಂತ ನನಗೆ ಬೇಜಾರಾಗಲಿಲ್ಲ ಅಂತೇನಿಲ್ಲ, ಒಂದು ವಾರ ಉರೀತಾ ಇತ್ತು.

ಹೋದ ಜನವರಿಯಲ್ಲಿ ಊರಿಗೆ ಹೋದಾಗ ದಾವಣಗೆರೆಗೂ ಹೋಗಿಬಂದೆ. ಅವನ ಅಪ್ಪ ಜಗುಲಿ ಮೇಲೆ ಪೇಪರ್ ಓದ್ತಾ ಕೂತಿದ್ದರು. ‘ನೀನೇ ಏನಪ್ಪಾ ಅವತ್ತು ದುಡ್ಡು ಕಳಿಸಿದ್ದು?’ ಅಂತ ನನ್ನ ಎರಡೂ ಕೈ ಹಿಡ್ಕೊಂಡರು. ನಾನು ಅವನ ಮುಖ ನೋಡಿದೆ. ಅವನು ಮಂಡಕ್ಕಿ-ಮಿರ್ಚಿ ತರೋಕೆ ಅಂತ ಗಾಡಿ ಕೀ ಹುಡುಕ್ತಿದ್ದ. ಬಿಲ್ ವಿಷಯ ಮನೇಲಿ ಹೇಳಿರಲಿಲ್ಲ ಅನ್ಸುತ್ತೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದ. ಬಸ್ ಹೊರಡೋ ಮುಂಚೆ, ‘ಏನಾದ್ರೂ ಬೇಕಾದ್ರೆ ಕೇಳೋ, ಈಗ ಹಂಗೆಲ್ಲ ಮಾಡಲ್ಲ’ ಅಂದೆ. ‘ಆತು ಹೋಗಲೇ, ಕೇಳ್ತೀನಿ’ ಅಂತ ಬೆನ್ನಿಗೆ ಹೊಡೆದ.

ಇದುವರೆಗೂ ಕೇಳಿಲ್ಲ.